ಯುದ್ಧದ ತೀರ್ಮಾನಕ್ಕೆ ಲೆಕ್ಕ ಕೇಳುವುದು ಹೇಗೆ?

ಯುದ್ಧ ಶುರುಮಾಡುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂದು ನಮ್ಮ ಸಂವಿಧಾನ ಎಲ್ಲೂ ಹೇಳುವುದಿಲ್ಲ. ಸೇನೆಯ ಸರ್ವೋಚ್ಚ ಅಧಿಕಾರ 53ನೇ ವಿಧಿಯಂತೆ ರಾಷ್ಟ್ರಪತಿಯದು. 74ನೇ ವಿಧಿಯಂತೆ ಅವರು ನಡೆಯಬೇಕಾದದ್ದು ಮಂತ್ರಿಮಂಡಲದ ಸಲಹೆಯ ಮೇಲೆ. ಆ ಸಲಹೆ ಏನಿತ್ತೆಂದು ಕೋರ್ಟು ಕೂಡ ಕೇಳುವ ಹಾಗಿಲ್ಲ. ಉಳಿಯುವುದು 75(3): ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆ. ಅಂದರೆ ಲೆಕ್ಕ ಕೇಳುವುದೆಲ್ಲ ಆಮೇಲೆ.

ಆ ಲೋಕಸಭೆಯೇ ಇಲ್ಲದಿದ್ದರೆ? ಕಾರ್ಗಿಲ್‌ನಲ್ಲಿ ಆದದ್ದು ಅದೇ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದು ಮತದಿಂದ ಬಿತ್ತು, 26ಕ್ಕೆ ಲೋಕಸಭೆ ವಿಸರ್ಜನೆಯಾಯಿತು, ಮೇ ತಿಂಗಳಲ್ಲಿ ಕಾಳಗ. ಸೇನೆ ಇಳಿಸುವ ತೀರ್ಮಾನ ಉಸ್ತುವಾರಿ ಸರ್ಕಾರದ್ದು. ರಾಜ್ಯಸಭೆಯನ್ನಾದರೂ ಕರೆಯಿರಿ ಎಂದು ವಿರೋಧ ಪಕ್ಷಗಳು ಕೇಳಿದವು, ಕರೆಯಲಿಲ್ಲ.

ತುರ್ತು ಪರಿಸ್ಥಿತಿಯ ನಿಯಮವನ್ನೇ ಯುದ್ಧದ ನಿಯಮವೆಂದು ತಿಳಿದವರು ಬಹಳ. 44ನೇ ತಿದ್ದುಪಡಿಯ ನಂತರ 352ನೇ ವಿಧಿಗೆ ಸಂಪುಟದ ಲಿಖಿತ ತೀರ್ಮಾನ ಬೇಕು, ಒಂದು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು. ಅದು ತುರ್ತು ಪರಿಸ್ಥಿತಿಗೆ ಮಾತ್ರ. ಕಾರ್ಗಿಲ್ ವೇಳೆ ಅದನ್ನು ಘೋಷಿಸಲೇ ಇಲ್ಲ.

ಹಾಗಾಗಿ ಕೊನೆಗೆ ಎಲ್ಲವೂ ಕಾಗದಪತ್ರಕ್ಕೆ ಬಂದು ನಿಲ್ಲುತ್ತದೆ. ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ 2000ದ ಫೆಬ್ರುವರಿಯಲ್ಲಿ ಕೆಲವು ಭಾಗ ಬಿಟ್ಟು ಸಂಸತ್ತಿಗೆ ಬಂತು. 1962ರ ಸೋಲಿನ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ನಮ್ಮ ಕಲಬುರಗಿ, ಬೀದರ್ ಭಾಗದ್ದೇ ಕಥೆ ನೋಡಿ. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಹೈದರಾಬಾದ್ ಕಾರ್ಯಾಚರಣೆಯ (ನಿಜಾಮನ ಸಂಸ್ಥಾನಕ್ಕೆ ಭಾರತದ ಸೇನೆ ಇಳಿದದ್ದು) ನಂತರ ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಇಲ್ಲೆಲ್ಲ ಸುತ್ತಿತು. ಮುಸ್ಲಿಮರ ಮೇಲೆ ನಡೆದ ಕೊಲೆಗಳು ಹೆಚ್ಚಾಗಿದ್ದವೆಂದು ಅದು ಹೇಳಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಎರಡೂ ಇವೆ. ಇಡೀ ಸಂಸ್ಥಾನಕ್ಕೆ ಅದರ ಅಂದಾಜು 27,000ದಿಂದ 40,000 ಸಾವು. ವರದಿ ದಶಕಗಳ ಕಾಲ ಹೊರಬರಲಿಲ್ಲ. ಬೀದರ್ ಜಿಲ್ಲೆಯ ಗೋರಟಾದಲ್ಲಿ ನಿಜಾಮನ ಪರವಿದ್ದ ರಜಾಕಾರರು ಮಾಡಿದ ಹತ್ಯಾಕಾಂಡವನ್ನು ಸೆಪ್ಟೆಂಬರ್ 17ರ ವಿಮೋಚನಾ ದಿನದ ಸಭೆಗಳಲ್ಲಿ ನೆನೆಯುತ್ತೇವೆ, ನೆನೆಯಲೇಬೇಕು. ಈ ವರದಿಯನ್ನು ಯಾರೂ ಎತ್ತುವುದಿಲ್ಲ.

ಇಂಥ ದಾಖಲೆಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು, ಈಗ ಆ ಅರ್ಜಿಯ ಮಾತು. ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟರೆ ಪ್ರಯೋಜನವಿಲ್ಲ, ದಾಖಲೆ ಅಲ್ಲಿಲ್ಲ. ರಕ್ಷಣಾ ಸಚಿವಾಲಯದ ಮಾಹಿತಿ ಅಧಿಕಾರಿಗೆ ಆನ್‌ಲೈನ್‌ನಲ್ಲಿ, ಇಲ್ಲವೇ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅಂಚೆಯಲ್ಲಿ ಕಳಿಸಿ. ಅರ್ಜಿ ಬಿದ್ದುಹೋಗುವಂಥ ತಪ್ಪೊಂದಿದೆ: ‘ಯಾಕೆ ಯುದ್ಧ ಮಾಡಿದಿರಿ?’ ಎಂದು ಬರೆಯುವುದು. ಕಾಯ್ದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ಸಂಪುಟದ ಕಾಗದಕ್ಕೆ 8(1)(ಐ)ನ ರಕ್ಷಣೆಯಿದೆ ನಿಜ. ಆದರೆ ವಿಷಯ ಮುಗಿದ ಮೇಲೆ ತೀರ್ಮಾನ, ಅದರ ಕಾರಣ, ಆಧಾರದ ದಾಖಲೆ ಮೂರನ್ನೂ ಬಹಿರಂಗಪಡಿಸಬೇಕೆಂದು ಅದೇ ಕಲಮು ಹೇಳುತ್ತದೆ. ಆ ಮೂರನ್ನೇ ಹೆಸರಿಸಿ ಕೇಳಿ. ದೇಶದ ಭದ್ರತೆ ಎಂದು 8(1)(ಎ) ತೋರಿಸುವುದು ಖಾತ್ರಿ. ಅದಕ್ಕೆ ಮೊದಲ ಅರ್ಜಿಯಲ್ಲೇ 10ನೇ ಕಲಮಿನಂತೆ ಗುಟ್ಟಿನ ಭಾಗ ತೆಗೆದು ಉಳಿದದ್ದು ಕೊಡಿ ಎಂದೂ, 8(2)ರ ಸಾರ್ವಜನಿಕ ಹಿತ ಪರಿಗಣಿಸಿ ಎಂದೂ ಸೇರಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಎರಡನೆಯದಕ್ಕೆ 90 ದಿನ, ಕೇಂದ್ರ ಮಾಹಿತಿ ಆಯೋಗಕ್ಕೆ.

ಸಂಸದರ ಮೂಲಕ ಪ್ರಶ್ನೆ ಕೇಳಿಸುವುದಾದರೆ ಲೋಕಸಭೆಗೆ 15 ಪೂರ್ಣ ದಿನಗಳ ನೋಟಿಸು ಬೇಕು. ನಿಮ್ಮ ಸಂಸದರು ಯಾರೆಂದೂ ನೋಡಿಕೊಳ್ಳಿ: ಆಳಂದ, ಚಿಂಚೋಳಿಯವರು ಕಲಬುರಗಿ ಜಿಲ್ಲೆಯವರಾದರೂ ಮತ ಬೀದರ್ ಕ್ಷೇತ್ರದ್ದು; ಯಾದಗಿರಿ, ಶಹಾಪುರ, ಸುರಪುರದವರದು ರಾಯಚೂರಿನದು.