ಆನ್ಸಾಂಬಲ್: ಹೀರೋ ಯಾರು ಅಂತ ಹೇಳಲಾಗದ ಸಿನಿಮಾ

ಬಳ್ಳಾರಿಯಲ್ಲಿ ಯಾವ ಸಿನಿಮಾದ ಮಾತು ಬಂದರೂ ಮೊದಲ ಪ್ರಶ್ನೆ ಒಂದೇ: ‘ಹೀರೋ ಯಾರು?’ ಇದಕ್ಕೆ ಒಂದೇ ಹೆಸರು ಹೇಳಲಾಗದ ಸಿನಿಮಾಗಳೂ ಇವೆ. ಅವೇ ಆನ್ಸಾಂಬಲ್ ಸಿನಿಮಾಗಳು. ಪದ ಫ್ರೆಂಚಿನದು, ಅರ್ಥ ‘ಒಟ್ಟಿಗೆ’.

ಮಲ್ಟಿಸ್ಟಾರರ್ ಬೇರೆ, ಇದು ಬೇರೆ. ಅಲ್ಲಿ ಪೋಸ್ಟರ್ ತುಂಬ ಸ್ಟಾರ್‌ಗಳು, ಆದರೆ ಕಥೆ ಓಡೋದು ಒಬ್ಬಿಬ್ಬರ ಹಿಂದೆಯೇ. ಆನ್ಸಾಂಬಲ್‌ನಲ್ಲಿ ಕಥೆಯ ಭಾರವೇ ಹಂಚಿಹೋಗಿರುತ್ತದೆ. ಬರೀ ಹೊಸಬರನ್ನು ಹಾಕಿಕೊಂಡೂ ಮಾಡಬಹುದು.

2000ದಲ್ಲಿ ಬಂದ ‘ಟ್ರಾಫಿಕ್’ ನೋಡಿ. (ಮಲಯಾಳಂನ ‘ಟ್ರಾಫಿಕ್’ ಅಲ್ಲ, ಸ್ಟೀವನ್ ಸೋಡರ್‌ಬರ್ಗ್ ಅವರದು.) 1989ರ ಬ್ರಿಟಿಷ್ ಟೀವಿ ಧಾರಾವಾಹಿಯೊಂದರಿಂದ ಹುಟ್ಟಿದ್ದು. ಮಾದಕ ವಸ್ತುಗಳ ದಂಧೆ ಇದರ ವಿಷಯ. ಮೆಕ್ಸಿಕೋದಲ್ಲಿ ಒಬ್ಬ ಪೊಲೀಸ್. ಅಮೆರಿಕದಲ್ಲಿ ಡ್ರಗ್ಸ್ ವಿರುದ್ಧದ ಹೋರಾಟಕ್ಕೆ ಮುಖ್ಯಸ್ಥನಾಗುವ ಜಡ್ಜ್. ಅವನ ಮಗಳೇ ಚಟಕ್ಕೆ ಬಿದ್ದಿದ್ದಾಳೆ. ಸ್ಯಾನ್ ಡಿಯೇಗೋದಲ್ಲಿ ಗಂಡ ಜೈಲಿಗೆ ಹೋದ ಮೇಲೆ ಅವನ ವ್ಯವಹಾರ ಏನೆಂದು ತಿಳಿದುಕೊಳ್ಳುವ ಹೆಂಡತಿ. ಗೊಂದಲ ಆಗಬಾರದಲ್ವಾ? ಮೆಕ್ಸಿಕೋಗೆ ಬಿಸಿಲು ಸುಟ್ಟ ಹಳದಿ, ಜಡ್ಜ್ ಕಥೆಗೆ ತಣ್ಣನೆ ನೀಲಿ. ಬಣ್ಣ ಕಂಡರೆ ಸಾಕು, ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ಕ್ಯಾಮೆರಾ ಹಿಡಿದವರೂ ಸೋಡರ್‌ಬರ್ಗ್ ಅವರೇ, ಪೀಟರ್ ಆಂಡ್ರ್ಯೂಸ್ ಅನ್ನೋ ಹೆಸರಲ್ಲಿ.

ಇದಕ್ಕೆ 4 ಆಸ್ಕರ್ ಬಂತು. ಮಜಾ ಏನಂದ್ರೆ, ಪೊಲೀಸ್ ಪಾತ್ರದ ಬೆನಿಸಿಯೋ ಡೆಲ್ ಟೋರೋಗೆ ಆಸ್ಕರ್‌ನವರು ಕೊಟ್ಟಿದ್ದು ಪೋಷಕ ನಟ ಪ್ರಶಸ್ತಿ. ಅದೇ ಪಾತ್ರಕ್ಕೆ ಅಮೆರಿಕದ ನಟರ ಸಂಘದವರು ನಾಯಕ ನಟ ಪ್ರಶಸ್ತಿ ಕೊಟ್ಟರು! ಹೀರೋ ಯಾರು ಅನ್ನೋದು ಅವರಿಗೂ ಬಗೆಹರಿಯಲಿಲ್ಲ.

ಈ ವಿಷಯಕ್ಕೆ ಈ ರೂಪವೇ ಯಾಕೆ? ನಮ್ಮೂರ ಜೀನ್ಸ್ ಕೆಲಸ ನೆನೆಸಿಕೊಳ್ಳಿ. ಬಟ್ಟೆ ಕತ್ತರಿಸೋದು ಒಂದು ಕಡೆ, ಹೊಲಿಯೋದು ಇನ್ನೊಂದು ಮನೆಯಲ್ಲಿ, ವಾಷಿಂಗ್ ಮತ್ತೆಲ್ಲೋ. ಜಿಪ್ ಹೊಲಿದವಳಿಗೆ ಆ ಪ್ಯಾಂಟ್ ಯಾರು ಹಾಕಿಕೊಳ್ಳುತ್ತಾರೋ ಗೊತ್ತಿಲ್ಲ. ಜೀನ್ಸ್ ನೆಟ್ಟಗಿನ ದುಡಿಮೆ, ಅದು ದಂಧೆ, ಹೋಲಿಕೆ ಅಷ್ಟಕ್ಕೇ. ಆದರೆ ಅಲ್ಲೂ ಬೆಳೆದವನಿಂದ ಸೇದುವ ಹುಡುಗಿಯವರೆಗೆ ಇಡೀ ಸರಪಳಿ ಕಂಡವರು ಯಾರೂ ಇಲ್ಲ. ಒಬ್ಬ ಹೀರೋನ ಕಣ್ಣಲ್ಲಿ ತೋರಿಸಿದರೆ ಒಂದು ಕೊಂಡಿ ಮಾತ್ರ ಕಾಣುತ್ತದೆ.

ಕನ್ನಡದಲ್ಲಿ ಇದನ್ನು ‘ಬಹುತಾರಾಗಣ’ ಅನ್ನೋದು ನನಗೆ ಒಗ್ಗಲ್ಲ. ತಾರೆಗಳ ಮಾತೇ ಅಲ್ಲ ಇದು. ಬಯಲಾಟ ನೋಡಿದವರಿಗೆ ‘ಮೇಳ’ ಅಂದರೆ ಸಾಕು. ‘ಮೇಳದ ಸಿನಿಮಾ’ ಅಂತ ನಾನಂತೂ ಹೇಳಲು ಶುರು ಮಾಡಿದ್ದೇನೆ.