ಕಾರವಾರದ ಸೆಕೆಗೆ ಡಬಲ್ ಗ್ಲಾಸ್ ಕಿಟಕಿ ಬೇಕಾ?

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿದೆ. ಮಲಗುವ ಕೋಣೆಯ ಕಿಟಕಿ ಪಶ್ಚಿಮಕ್ಕೆ. ಎ.ಸಿ. ಹಾಕಿಸಿದ ಮೇಲೆ ಕರೆಂಟ್ ಬಿಲ್ ಜಾಸ್ತಿ ಆಗಿದೆ. ಎಲ್ಲ ಕಿಟಕಿಗೂ ಡಬಲ್ ಗ್ಲಾಸ್ ಹಾಕಿಸಿದರೆ ಬಿಲ್ ಇಳಿಯುತ್ತದೆ ಅಂತ ಅಂಗಡಿಯವರು ಹೇಳಿದರು. ನಿಜವಾ?

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ಅದು ಬೇರೆ ಊರಿನ ಲೆಕ್ಕ.

ಡಬಲ್ ಗ್ಲಾಸ್ ಎಂದರೆ ಎರಡು ಗಾಜು, ನಡುವೆ ಸಾಮಾನ್ಯವಾಗಿ 12 ಮಿ.ಮೀ. ಜಾಗ. ಅದರಲ್ಲಿ ಒಣಗಾಳಿ ಅಥವಾ ಆರ್ಗಾನ್ ಇರುತ್ತದೆ. ಅಂಚಿನ ಪಟ್ಟಿಯೊಳಗೆ ತೇವ ಹೀರುವ ಹರಳು, ಸುತ್ತಲೂ ಸೀಲ್. ಒಳಗೆ ಸಿಕ್ಕಿಕೊಂಡ ಗಾಳಿ ಕಂಬಳಿಯ ಕೆಲಸ ಮಾಡುತ್ತದೆ. ಹೊರಗೆ ಹಿಮ, ಒಳಗೆ ಹೀಟರ್ ಇರುವ ದೇಶದಲ್ಲಿ ಗಾಜಿನ ಆಚೆಗೂ ಈಚೆಗೂ 20-30 ಡಿಗ್ರಿ ವ್ಯತ್ಯಾಸ. ಅಲ್ಲಿ ಕಂಬಳಿ ಬೇಕೇ ಬೇಕು. ನಮ್ಮಲ್ಲಿ ಏಪ್ರಿಲ್ ರಾತ್ರಿ ಹೊರಗೆ 29 ಇದ್ದರೆ ನಿಮ್ಮ ಕೋಣೆಯಲ್ಲಿ 25. ನಾಲ್ಕೇ ಡಿಗ್ರಿ!

ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಕಿಟಕಿ ತೆಗೆದುಕೊಳ್ಳಿ. ಒಂಟಿ ಗಾಜಿನಲ್ಲಿ ಈ ನಾಲ್ಕು ಡಿಗ್ರಿಗೆ ಸುಮಾರು 34 ವ್ಯಾಟ್ ಬಿಸಿ ಒಳಗೆ ಬರುತ್ತದೆ. ಡಬಲ್ ಗ್ಲಾಸಿನಲ್ಲಿ 17. ಉಳಿದ 17 ವ್ಯಾಟ್ ಬಿಸಿಯನ್ನು ಹೊರಗೆ ಹಾಕಲು ಎ.ಸಿ.ಗೆ ಬೇಕಾಗುವ ಕರೆಂಟ್ ಆರು ವ್ಯಾಟ್ ಅಷ್ಟೇ. ದಿನಕ್ಕೆ ಎಂಟು ಗಂಟೆ ಓಡಿಸಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಉಳಿಯುವುದಿಲ್ಲ.

ಹಾಗಾದರೆ ಬಿಲ್ ಏರಿಸಿದ್ದು ಯಾವುದು? ಸಂಜೆ ನಾಲ್ಕೂವರೆಗೆ ಆ ಕಿಟಕಿಯ ಹತ್ತಿರ ಹಾಸಿಗೆಯ ಮೇಲೆ ಕೈ ಇಟ್ಟು ನೋಡಿ. ಬಿಸಿಲು ಬಿದ್ದ ಕಡೆ ಒಂದು ಥರ, ಪಕ್ಕದಲ್ಲೇ ನೆರಳಿದ್ದ ಕಡೆ ಇನ್ನೊಂದು ಥರ. ಅಷ್ಟು ಹೊತ್ತಿನ ನೇರ ಬಿಸಿಲು ಒಂಟಿ ಗಾಜನ್ನು ದಾಟಿದರೆ ಹೆಚ್ಚುಕಡಿಮೆ 700 ವ್ಯಾಟ್. ಮಂಚದ ಕೆಳಗೆ ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟ ಹಾಗೆ. ಗೋಡೆ, ನೆಲ, ಹಾಸಿಗೆ ಎಲ್ಲ ಅದನ್ನು ಕುಡಿದು ಕೂತಿರುತ್ತವೆ. ರಾತ್ರಿ ಒಂಬತ್ತಕ್ಕೆ ನೀವು ಎ.ಸಿ. ಹಾಕಿದಾಗ ಅದು ಮೊದಲು ತೀರಿಸುವುದು ಈ ಸಾಲವನ್ನು. ಬರೀ ಸಾದಾ ಡಬಲ್ ಗ್ಲಾಸ್ ಹಾಕಿದರೆ ಆ 700 ಇಳಿದು 600 ಆದೀತು. ಗಾಳಿಯ ಕಂಬಳಿ ಬೆಳಕನ್ನು ತಡೆಯುವುದಿಲ್ಲ, ಅಲ್ವಾ?

ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು. ಒಳಗಿನ ಕರ್ಟನ್ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಅಷ್ಟರಲ್ಲಿ ಬಿಸಿ ಕೋಣೆಗೆ ಬಂದಾಗಿದೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಸಜ್ಜಾ ಕೂಡ ಪಶ್ಚಿಮಕ್ಕೆ ಸಾಲದು, ಸಂಜೆಯ ಸೂರ್ಯ ಅದರ ಅಡಿಯಿಂದ ಇಣುಕುತ್ತಾನೆ. ಹೊರಗೆ ಇಳಿಬಿಟ್ಟ ಬಿದಿರಿನ ಪರದೆ ಅಥವಾ ಹೆಣೆದ ಮಡಲಿನ ತಟ್ಟಿ ಒಳ್ಳೆಯದು. ನಮ್ಮ ಅಜ್ಜಿ ಬೇಸಿಗೆಯಲ್ಲಿ ಪಡಸಾಲೆಗೆ ಕಟ್ಟಿಸುತ್ತಿದ್ದದ್ದು ಇದನ್ನೇ. ಕೊಟೇಶನ್ ಕೇಳದೆ.

ಗಾಜನ್ನೇ ಬದಲಿಸುವುದಾದರೆ ಅಂಗಡಿಯಲ್ಲಿ ‘ಎಸ್‌ಎಚ್‌ಜಿಸಿ ಎಷ್ಟು?’ ಎಂದು ಕೇಳಿ. ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಬಿಸಿಯಾಗಿ ಒಳಬರುತ್ತದೆ ಎಂದು ಹೇಳುವ ಸಂಖ್ಯೆ ಅದು. ಸಾದಾ ಗಾಜಿಗೆ 0.8ರ ಸುಮಾರು, ಬಿಸಿಲು ತಡೆಯುವ ಕೋಟಿಂಗ್ ಇದ್ದರೆ 0.3ರ ಹತ್ತಿರ. ಒಳ್ಳೆಯ ಕೋಟಿಂಗ್‌ಗಳಲ್ಲಿ ಕೆಲವು ಗಾಳಿಯ ತೇವಕ್ಕೆ ಹಾಳಾಗುತ್ತವೆ, ಹಾಗಾಗಿ ಎರಡು ಗಾಜುಗಳ ನಡುವೆಯೇ ಇರಬೇಕು. ಡಬಲ್ ಗ್ಲಾಸ್ ಇಲ್ಲಿ ತನ್ನ ದುಡ್ಡಿಗೆ ನ್ಯಾಯ ಒದಗಿಸುತ್ತದೆ. ಹೆದ್ದಾರಿ 66ರ ಲಾರಿ ಸದ್ದು ತಡೆಯಲಿಕ್ಕೂ ಅದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಕಳ್ಳದಾರಿ ಸ್ಲೈಡಿಂಗ್ ಕಿಟಕಿಯ ಸಂದು. ಎ.ಸಿ., ಫ್ಯಾನ್ ಎರಡನ್ನೂ ನಿಲ್ಲಿಸಿ, ಸಂದಿನ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಓಲಾಡಿದರೆ ಅಲ್ಲಿ ಗಾಳಿ ಓಡಾಡುತ್ತಿದೆ. ಒಳಬರುವ ಕರಾವಳಿ ಗಾಳಿ ಬಿಸಿಯ ಜೊತೆಗೆ ನೀರನ್ನೂ ತರುತ್ತದೆ. ಆ ನೀರನ್ನು ಹಿಂಡಿ ಪೈಪಿನಲ್ಲಿ ಹೊರಗೆ ಬಿಡುವುದಕ್ಕೂ ಎ.ಸಿ. ಕರೆಂಟ್ ತಿನ್ನುತ್ತದೆ. ಆ ಸಂದು ಮುಚ್ಚುವ ಬ್ರಷ್ ಪಟ್ಟಿ ಸವೆದಿದ್ದರೆ ಬದಲಿಸುವುದು ಸಣ್ಣ ಖರ್ಚು, ಮೊದಲು ಅದನ್ನು ಮಾಡಿಸಿ.

ನಮ್ಮ ಮಾವನ ಮನೆಯಲ್ಲಿ ಡಬಲ್ ಗ್ಲಾಸ್ ಹಾಕಿಸಿದ್ದರು. ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಎರಡು ಗಾಜಿನ ನಡುವೆ ಮಂಜು. ಒಳಗಿಂದ ಒರೆಸಿದರೂ ಹೋಗದು, ಹೊರಗಿಂದ ಒರೆಸಿದರೂ ಹೋಗದು. ಬಿಚ್ಚಿ ನೋಡಿದರೆ ಫ್ರೇಮಿನ ಅಡಿಯಲ್ಲಿ ನೀರು ಹೋಗುವ ತೂತುಗಳನ್ನು ಪೇಂಟರ್ ಪುಟ್ಟಿ ಹಾಕಿ ಮುಚ್ಚಿದ್ದ. ನಿಂತ ನೀರಲ್ಲಿ ನೆನೆದು ಸೀಲ್ ಬಿಟ್ಟಿತ್ತು. ಆ ಗಾಜು ರಿಪೇರಿ ಆಗಲಿಲ್ಲ, ಪೂರ್ತಿ ಹೊಸದೇ ತಂದರು. ನೀವು ಹಾಕಿಸುವುದಾದರೆ ಸೀಲ್‌ಗೆ ಎಷ್ಟು ವರ್ಷದ ವಾರಂಟಿ ಎಂದು ಬರೆಸಿಕೊಳ್ಳಿ. ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯದ ಹಾಗೆ ಬಿಜಾಗರಿ, ಸ್ಕ್ರೂ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಹಳೆಯ ಮರದ ಕಿಟಕಿಗೇ ಕೂರಿಸುತ್ತೇವೆ ಎಂದರೆ ಬೇಡ ಅನ್ನಿ. ಐದೈದು ಮಿ.ಮೀ.ನ ಎರಡು ಗಾಜು ಚದರ ಮೀಟರಿಗೆ 25 ಕಿಲೋ ತೂಗುತ್ತದೆ, ಆ ಬಿಜಾಗರಿ ತಡೆಯುವುದಿಲ್ಲ.

ಎ.ಸಿ. ಇಲ್ಲದ ಕೋಣೆಗೆ, ಅಡಿಗೆಮನೆಗೆ ಇದು ಸುಮ್ನೆ ದಂಡ. ಅಲ್ಲಿ ಕಿಟಕಿ ತೆರೆದಿಡುವುದೇ ಉಪಾಯ. ಮನೆಗಳಿಗಾಗಿ 2018ರಲ್ಲಿ ಬಂದ ಕೇಂದ್ರದ ಇಕೋ ನಿವಾಸ್ ಸಂಹಿತೆ ಕೂಡ ನಮ್ಮಂಥ ಬಿಸಿ-ತೇವದ ಊರಿಗೆ ನೆಲದ ಅಳತೆಯ ಆರನೇ ಒಂದು ಪಾಲು ತೆರೆಯುವ ಕಿಟಕಿ-ಬಾಗಿಲು ಇರಬೇಕು ಎನ್ನುತ್ತದೆ. ಘಟ್ಟದ ಮೇಲಿನ ತಂಪಾದ ಶಿರಸಿಯಲ್ಲಿ ನಿಮ್ಮ ನೆಂಟರಿದ್ದರೆ ಅವರಿಗಂತೂ ಬೇಡವೇ ಬೇಡ.

ನಿಮ್ಮ ಆ ಒಂದು ಕಿಟಕಿಗೆ ಈ ಮಾರ್ಚ್‌ನಲ್ಲಿ ತಟ್ಟಿ ಕಟ್ಟಿ, ಸಂದು ಮುಚ್ಚಿಸಿ. ಮೇ ತಿಂಗಳ ಯೂನಿಟ್ಟನ್ನು ಹೋದ ವರ್ಷದ ಮೇ ಬಿಲ್ಲಿನ ಪಕ್ಕ ಇಟ್ಟು ನೋಡಿ. ಆಮೇಲೂ ಸಾಲದು ಅನಿಸಿದರೆ ಅದೊಂದಕ್ಕೆ ಮಾತ್ರ ಕೋಟಿಂಗ್ ಇರುವ ಡಬಲ್ ಗ್ಲಾಸಿನ ಕೊಟೇಶನ್ ತರಿಸಿ.