ಐದು ಬೆರಳು ಜಿಗಿದ ವರ್ಷ

ಊರ ಮನೇಲಿ ಅಡುಗೆಮನೆ ಬಾಗಿಲ ಚೌಕಟ್ಟಿಗೆ ನಮ್ಮನ್ನ ಒರಗಿಸಿ ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಇಟ್ಟು ಅಪ್ಪ ಪ್ರತಿ ಯುಗಾದಿಗೂ ಪೆನ್ಸಿಲ್ ಗೆರೆ ಎಳೀತಿದ್ರು. ವರ್ಷಕ್ಕೆ ಎರಡು ಬೆರಳು, ಮೂರು ಬೆರಳು ಅಂತ ಏರ್ತಿದ್ದ ಅಣ್ಣನ ಗೆರೆ ಏಳನೇ ಕ್ಲಾಸಲ್ಲಿ ಒಂದೇ ಏಟಿಗೆ ಐದು ಬೆರಳು ಮೇಲೆ ಹೋಯ್ತು, ಅಜ್ಜಿಗೆ ಆ ವರ್ಷವೆಲ್ಲಾ ದೃಷ್ಟಿ ತೆಗೆಯೋದೇ ಕೆಲಸ. ಫ್ರಾನ್ಸಲ್ಲಿ ಮಾಂಬೆಯಾರ್ ಅನ್ನೋ ಶ್ರೀಮಂತ ಜಮೀನ್ದಾರ (ಕೌಂಟ್) 1759ರಿಂದ 1777ರ ತನಕ ತನ್ನ ಮಗನಿಗೆ ಇದನ್ನೇ ಮಾಡಿದ್ದ, ಅಲ್ಲಿನ ಪ್ರಕೃತಿ ವಿಜ್ಞಾನಿ ಬ್ಯೂಫಾನ್ ಅದನ್ನ ಅಚ್ಚು ಹಾಕಿಸಿದ, ಬೆಳವಣಿಗೆ ಬಗ್ಗೆ ಓದೋರು ಆ ಗ್ರಾಫನ್ನ ಇವತ್ತಿಗೂ ನೋಡ್ತಾರೆ.

ಈ ಜಿಗಿತ ಬರೋ ವಯಸ್ಸಿಗೂ ಮುಂದೆ ಬರೋ ಶುಗರ್‌ಗೂ ನಂಟಿದೆ. ಸ್ವೀಡನ್‌ನ ಗೋಥೆನ್‌ಬರ್ಗಲ್ಲಿ 1945ರಿಂದ 1961ರೊಳಗೆ ಹುಟ್ಟಿದ ಮೂವತ್ತು ಸಾವಿರಕ್ಕೂ ಹೆಚ್ಚು ಗಂಡಸರ ಶಾಲಾ ದಾಖಲೆ ತೆಗೆದು ನೋಡಿದ್ರೆ, ಎಲ್ಲರಿಗಿಂತ ಬೇಗ ಜಿಗಿದ ಗುಂಪಿಗೆ 57 ವರ್ಷದೊಳಗೆ ಟೈಪ್ 2 ಡಯಾಬಿಟಿಸ್ ಬರೋ ರಿಸ್ಕ್, ತಡವಾಗಿ ಜಿಗಿದೋರ ಸುಮಾರು ಎರಡು ಪಟ್ಟು. ಚಿಕ್ಕಂದಿನ ದಪ್ಪವನ್ನ ಲೆಕ್ಕಕ್ಕೆ ತಗೊಂಡ್ರೂ ನಂಟು ಅಳಿಸಲಿಲ್ಲ. ಹೆಣ್ಮಕ್ಕಳಲ್ಲೂ ಹಾಗೇ, ಯುರೋಪಿನ ಒಂದು ದೊಡ್ಡ ಅಧ್ಯಯನದಲ್ಲಿ 8–11ಕ್ಕೇ ಮೈನೆರೆದೋರಿಗೆ 13ಕ್ಕೆ ನೆರೆದೋರಿಗಿಂತ ರಿಸ್ಕ್ 70% ಹೆಚ್ಚು, ತೂಕದ ಪಾಲು ಕಳೆದ್ರೂ 42%.

ಇನ್ಸುಲಿನ್ ಅಂದ್ರೆ ರಕ್ತದಲ್ಲಿರೋ ಸಕ್ಕರೆಯನ್ನ ಒಳಗೆ ತಗೊಳ್ಳಿ ಅಂತ ಜೀವಕೋಶಗಳಿಗೆ ಹೇಳೋ ಹಾರ್ಮೋನು, ಅದನ್ನ ಸುರಿಸೋದು ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ. ನನಗೆ ಮಜಾ ಅನ್ಸೋದು ಹರೆಯದಲ್ಲಿ ಆರೋಗ್ಯವಾಗಿರೋ ಮಕ್ಕಳ ಮೈಯೂ ಬೇಕಂತಲೇ ಇನ್ಸುಲಿನ್‌ಗೆ ಕಿವುಡಾಗೋದು. 1986ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದೋರು ಅಳೆದಾಗ ಈ ವಯಸ್ಸಲ್ಲಿ ಇನ್ಸುಲಿನ್ ಕೆಲಸ ಸುಮಾರು ಮೂರನೇ ಒಂದು ಪಾಲು ಕಮ್ಮಿ ಇತ್ತು, ಮುಖ್ಯ ಕಾರಣ ಬೆಳವಣಿಗೆಯ ಹಾರ್ಮೋನು. ಆದ್ರೆ ಕಿವುಡು ಸಕ್ಕರೆ ವಿಷಯಕ್ಕೆ ಮಾತ್ರ! ಪ್ರೋಟೀನ್ ಕಟ್ಟೋ ಕಡೆ ಕಿವಿ ಚುರುಕಾಗೇ ಇರತ್ತೆ. ಕಿವಿ ಕೇಳದ ತಾತನಿಗೆ "ಊಟಕ್ಕೆ ಬನ್ರೀ" ಅಂತ ಅಜ್ಜಿ ಜೋರಾಗಿ ಕೂಗಿದ್ರೆ ತಾತ ನಿಧಾನಕ್ಕೆ ಏಳ್ತಾರೆ, ಅಷ್ಟರಲ್ಲಿ ಬೀದೀಲಿ ಆಡ್ತಿದ್ದ ಮಕ್ಕಳೆಲ್ಲಾ ಓಡಿ ಬಂದು ಎಲೆ ಮುಂದೆ ಕೂತಿರ್ತಾರೆ. ಆ ಅಜ್ಜಿ ಹಾಗೆ ಮೇದೋಜೀರಕವೂ ಜೋರಾಗಿ ಕೂಗತ್ತೆ, ಅಂದ್ರೆ ಇನ್ಸುಲಿನ್ ಜಾಸ್ತಿ ಸುರಿಸತ್ತೆ, ಎಲುಬು ಸ್ನಾಯು ಬೆಳೀತವೆ, ಬೆಳವಣಿಗೆ ಮುಗಿದ್ಮೇಲೆ ಕಿವಿ ಸರಿಹೋಗತ್ತೆ. ದಪ್ಪ ಇರೋ ಮಕ್ಕಳಲ್ಲಿ ಮಾತ್ರ ಪೂರ್ತಿ ಸರಿಹೋಗೋದು ಕಷ್ಟ, ಅಜ್ಜಿ ಮುಂದೆಯೂ ಕೂಗ್ತಾನೇ ಇರ್ಬೇಕು, ಗಂಟಲು ಬಿದ್ದುಹೋದ ದಿನ ಶುಗರ್.

ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಚುಚ್ತಾರೆ, ಅದಕ್ಕೇ ಹುಡುಗೀರು ಬೇಗ ದೊಡ್ಡೋರಾಗ್ತಾರೆ ಅಂತ ಮದುವೆಮನೆ ಪಂಕ್ತೀಲಿ ಈಗಲೂ ಹೇಳ್ತಾರಲ್ಲ, ತಲೆ ಚಚ್ಕೋಬೇಕು ಅನ್ಸತ್ತೆ. ಕೋಳಿ ಬೇಗ ಬೆಳೆಯೋದು ತಳಿಯಿಂದ. ಮೈಯಲ್ಲಿ ಕೊಬ್ಬು ಸಾಕಷ್ಟಿದೆ, ಹರೆಯ ಶುರುವಾದ್ರೂ ಪರವಾಗಿಲ್ಲ ಅಂತ ಮೆದುಳಿಗೆ ಹೇಳೋದು ಕೊಬ್ಬಿನಿಂದಲೇ ಹೊರಡೋ ಲೆಪ್ಟಿನ್ ಅನ್ನೋ ಹಾರ್ಮೋನು, 1994ರಲ್ಲಿ ಸಿಕ್ಕಿದ್ದು.

ದಪ್ಪ ಅಂದ್ರೆ ಗುಂಡುಗುಂಡಗಿರೋ ಮಕ್ಕಳು ಅಂದ್ಕೋಬೇಡಿ. ದೆಹಲೀಲಿ 1969–72ರಲ್ಲಿ ಹುಟ್ಟಿದೋರನ್ನ ದೊಡ್ಡೋರಾಗೋ ತನಕ ಅಳೆದಾಗ, ಸಕ್ಕರೆ ಏರುಪೇರಾದೋರು ಎರಡು ವರ್ಷದ ತನಕ ಸಾಮಾನ್ಯವಾಗಿ ಸಣಕಲೇ ಇದ್ರು, ಆಮೇಲೆ ಬೇಗ ಬೇಗ ಮೈ ತುಂಬ್ಕೊಂಡ್ರು, ಆದ್ರೂ 12ರಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನೋರಲ್ಲ. ಡೆನ್ಮಾರ್ಕಿನ ಅರವತ್ತು ಸಾವಿರ ಗಂಡಸರ ಲೆಕ್ಕ ಇನ್ನೂ ಚೆನ್ನಾಗಿದೆ: 7ರಲ್ಲಿ ದಪ್ಪ ಇದ್ದು 13ರೊಳಗೆ ಇಳಿದೋರ ರಿಸ್ಕ್ ಎಂದೂ ದಪ್ಪ ಆಗದೋರಷ್ಟೇ, 13 ದಾಟಿದ ಮೇಲೆ ಇಳಿದೋರಿಗೆ ಮಾತ್ರ ಒಂದಿಷ್ಟು ಉಳ್ಕೊಂಡೇ ಇತ್ತು.